ಇನ್ನೊಬ್ಬರು ಬರೆಸಿದ ಕಾಗದಕ್ಕೆ ಸಹಿ ಹಾಕುವ ಮುನ್ನ

ಕೊಡಗಿನ ಶನಿವಾರಸಂತೆ, ಕೊಡ್ಲಿಪೇಟೆ ಕಡೆ ಗಂಡ-ಹೆಂಡಿರ ನಡುವೆ ಇನ್ನು ಆಗದು ಎನ್ನುವ ಮಟ್ಟಕ್ಕೆ ಬಂದಾಗ ಮೊದಲು ಸೇರುವುದು ಹಿರಿಯರು. ಎರಡೂ ಕಡೆಯ ನಾಲ್ಕಾರು ಜನ ಕೂತು ಮಾತಾಡುತ್ತಾರೆ. ಒಡವೆ, ಪಾತ್ರೆ-ಪಗಡಿಯ ಲೆಕ್ಕ ಹಾಕುತ್ತಾರೆ. ಇಷ್ಟು ಹಣ ಎಂದು ತೀರ್ಮಾನ ಮಾಡುತ್ತಾರೆ. ಆಮೇಲೆ ಛಾಪಾ ಕಾಗದದ ಮೇಲೆ ‘ಇಂದಿನಿಂದ ನಮ್ಮಿಬ್ಬರ ನಡುವೆ ಯಾವುದೇ ಸಂಬಂಧ ಇರುವುದಿಲ್ಲ’ ಎಂದು ಟೈಪು ಮಾಡಿಸಿ, ಇಬ್ಬರ ಸಹಿ, ಸಾಕ್ಷಿಗಳ ಸಹಿ ಹಾಕಿಸಿ, ನೋಟರಿಯ ಮೊಹರು ಒತ್ತಿಸುತ್ತಾರೆ. ಅಲ್ಲಿಗೆ ಬಿಡುಗಡೆ ಆಯಿತು ಎಂದುಕೊಂಡು ಎಲ್ಲರೂ ಮನೆಗೆ ಹೋಗುತ್ತಾರೆ.

ಬಿಡುಗಡೆ ಆಗಿರುವುದಿಲ್ಲ. 1955ರ ಹಿಂದೂ ವಿವಾಹ ಕಾಯ್ದೆಯಡಿ ಆದ ಮದುವೆಯನ್ನು ಮುರಿಯುವ ಅಧಿಕಾರ ನ್ಯಾಯಾಲಯದ್ದು, ನೋಟರಿಯದ್ದಲ್ಲ. ಕಾಯ್ದೆಯ 29ನೇ ಕಲಮು ರೂಢಿಯ ವಿಚ್ಛೇದನಕ್ಕೆ ಸ್ವಲ್ಪ ಜಾಗ ಬಿಟ್ಟಿದೆ ನಿಜ. ಆದರೆ ಅಂಥ ರೂಢಿ ನಮ್ಮ ಜನಾಂಗದಲ್ಲಿ ತಲೆತಲಾಂತರದಿಂದ ಇದೆ ಎಂಬುದನ್ನು ಹೇಳಿಕೊಳ್ಳುವವರೇ ಸಾಕ್ಷಿಸಮೇತ ಸಾಬೀತು ಮಾಡಬೇಕು. ಮಾಡಲಾಗದೆ ಹೋದರೆ, ಆ ಕಾಗದ ನಂಬಿ ಎರಡನೇ ಮದುವೆ ಆದವರು ದ್ವಿಪತ್ನಿತ್ವದ ಅಪರಾಧಕ್ಕೆ ಸಿಕ್ಕಿಕೊಳ್ಳುತ್ತಾರೆ. ಹಳೆಯ ದಂಡ ಸಂಹಿತೆಯ 494, ಈಗಿನ ಭಾರತೀಯ ನ್ಯಾಯ ಸಂಹಿತೆಯ 82. ಶಿಕ್ಷೆ ಏಳು ವರ್ಷದವರೆಗೆ. ಹಾಗೆಂದು ಆ ಛಾಪಾ ಕಾಗದವನ್ನು ಹರಿದು ಎಸೆಯಬೇಡಿ. ನೀವು ಯಾವ ತಾರೀಖಿನಿಂದ ಬೇರೆ ಇದ್ದೀರಿ ಎಂಬುದಕ್ಕೆ ಅದು ಒಳ್ಳೆಯ ದಾಖಲೆ. ಮುಂದೆ ಬೇಕಾಗುತ್ತದೆ.

ಇನ್ನು ವಕೀಲರ ವಿಚಾರ. ನಿಮ್ಮ ಪ್ರಕರಣವನ್ನು ನೀವೇ ನಡೆಸಲು ಯಾವ ಅಡ್ಡಿಯೂ ಇಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 3ನೇ ಆದೇಶ ಕಕ್ಷಿದಾರರು ಖುದ್ದಾಗಿ ಹಾಜರಾಗಬಹುದು ಎನ್ನುತ್ತದೆ. 1984ರ ಕುಟುಂಬ ನ್ಯಾಯಾಲಯಗಳ ಕಾಯ್ದೆಯ 13ನೇ ಕಲಮು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ವಕೀಲರನ್ನು ಇಟ್ಟುಕೊಳ್ಳುವುದು ಅಲ್ಲಿ ಹಕ್ಕೇ ಅಲ್ಲ ಎಂದಿದೆ. ಬೇಕೆನಿಸಿದರೆ ನ್ಯಾಯಾಲಯವೇ ಒಬ್ಬರ ನೆರವು ಪಡೆಯಬಹುದು. ಆದರೂ ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡುತ್ತೇನೆ: ಕ್ರೌರ್ಯ, ವ್ಯಭಿಚಾರ, ತೊರೆದು ಹೋದದ್ದು ಎಂದು ಒಬ್ಬರ ಮೇಲೊಬ್ಬರು ಆರೋಪ ಹೊರಿಸಿ ನಡೆಸುವ ಪ್ರಕರಣವನ್ನು ವಕೀಲರಿಲ್ಲದೆ ಮಾಡಲು ಹೋಗಬೇಡಿ. ಸಾಕ್ಷಿ, ಪಾಟೀಸವಾಲು, ಮಧ್ಯಂತರ ಅರ್ಜಿ ಎಂದು ಅದು ಬೆಳೆಯುತ್ತದೆ. ಇಬ್ಬರೂ ಒಪ್ಪಿ ಕೇಳುವ ವಿಚ್ಛೇದನ, ಅಂದರೆ 1976ರ ತಿದ್ದುಪಡಿಯಲ್ಲಿ ಸೇರಿದ 13ಬಿ ಕಲಮಿನ ಅರ್ಜಿ, ಅದನ್ನು ಮಾತ್ರ ಓದು-ಬರಹ ಬಲ್ಲವರು ತಾವೇ ನಿಭಾಯಿಸಬಹುದು.

ಊರಿನಲ್ಲಿ ನಡೆಯುವುದು ಬೇರೆಯೇ. ಒಪ್ಪಿಗೆಯ ವಿಚ್ಛೇದನ ಅಲ್ಲವೇ, ಇಬ್ಬರಿಗೂ ಒಬ್ಬರೇ ವಕೀಲರು ಸಾಕು ಎನ್ನುತ್ತಾರೆ. ಫೀಸು ಒಂದು ಕಡೆಯವರು ಕೊಡುತ್ತಾರೆ, ಹೆಚ್ಚಿನ ಸಲ ಗಂಡನ ಕಡೆಯವರು. ಅರ್ಜಿ ಸಿದ್ಧವಾಗುತ್ತದೆ. ಹುಡುಗಿಯನ್ನು ಕರೆದು, ‘ಇಲ್ಲಿ, ಇಲ್ಲಿ, ಇಲ್ಲಿ ಸಹಿ ಹಾಕಮ್ಮ’ ಎನ್ನುತ್ತಾರೆ. ಮೋಸ ಇರಲೇಬೇಕೆಂದಿಲ್ಲ. ಆದರೆ ಆ ವಕೀಲರು ಕೇಳಿಕೊಂಡಿರುವುದು ಒಬ್ಬರ ಮಾತನ್ನು, ಬರೆದಿರುವುದು ಅವರ ಅನುಕೂಲವನ್ನು. ನಿಮ್ಮ ಪರವಾಗಿ ಆ ಕಾಗದವನ್ನು ಓದಿದವರು ಯಾರೂ ಇಲ್ಲ. ಸ್ವಂತ ವಕೀಲರಿಲ್ಲದೆ ಇರುವುದು ಎಂದರೆ ಹೆಚ್ಚಿನವರ ಪಾಲಿಗೆ ಇದೇ.

ಹಾಗಾಗಿ ಸಹಿಗೆ ಮುಂಚೆ ಕರಡು ಪ್ರತಿ ಕೇಳಿ. ಮನೆಗೆ ಒಯ್ಯುತ್ತೇನೆ, ಓದಿ ಹೇಳುತ್ತೇನೆ ಎನ್ನಿ. ಇಂಗ್ಲಿಷಿನಲ್ಲಿದ್ದರೆ ಕನ್ನಡದಲ್ಲಿ ಮಾಡಿಸಿ ಕೊಡಿ ಎಂದು ಕೇಳಿ. ಕರ್ನಾಟಕದ ಅಧೀನ ನ್ಯಾಯಾಲಯಗಳಲ್ಲಿ ಕನ್ನಡದ ಅರ್ಜಿಗೆ ಯಾವ ಕೊರತೆಯೂ ಇಲ್ಲ. ಆ ಕರಡನ್ನು ಹಿಡಿದು ಸೋಮವಾರಪೇಟೆ ನ್ಯಾಯಾಲಯದ ಆವರಣದಲ್ಲಿರುವ ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೆ ಹೋಗಿ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಂತೆ ಹೆಂಗಸರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ, ಅಂಗವಿಕಲರಿಗೆ, ಕಾರ್ಖಾನೆ ಕಾರ್ಮಿಕರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ. ಪ್ರವಾಹ, ಭೂಕುಸಿತದಂಥ ವಿಕೋಪಕ್ಕೆ ಸಿಕ್ಕವರನ್ನೂ ಅದೇ ಕಲಮು ಸೇರಿಸಿಕೊಂಡಿದೆ. 2018ರ ಮಳೆಗಾಲ ಕಂಡ ಜಿಲ್ಲೆಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಉಳಿದ ಗಂಡಸರಿಗೆ ಆದಾಯದ ಮಿತಿ ಇದೆ. ಸಮಿತಿಯವರು ವಕೀಲರನ್ನು ನೇಮಿಸಿಕೊಡಬಹುದು, ಅರ್ಜಿ ಬರೆಸಿಕೊಡಬಹುದು, ಕೋರ್ಟ್ ಫೀ ಭರಿಸಬಹುದು. ಅದೊಂದೂ ಬೇಡ, ಈ ಕಾಗದವನ್ನು ಓದಿ ಅರ್ಥ ಹೇಳಿ ಎಂದರೂ ಸಾಕು. ಮಡಿಕೇರಿಯಲ್ಲಿ ಜಿಲ್ಲಾ ಪ್ರಾಧಿಕಾರ ಇದೆ. ಹೋಗಲಾಗದವರು 15100ಕ್ಕೆ ಕರೆ ಮಾಡಬಹುದು. ಮನೆಯಲ್ಲಿ ಹೊಡೆತ-ಬಡಿತ ಇದ್ದು ಹೆದರಿಕೆಯಲ್ಲಿ ಸಹಿ ಹಾಕುವ ಸ್ಥಿತಿಯಾದರೆ ಮೊದಲು 181, ಆಮೇಲೆ ಈ ಲೇಖನ.

ಅರ್ಜಿ ಎಲ್ಲಿ ಹಾಕಬೇಕು? ಮದುವೆ ನಡೆದ ಊರು, ದಂಪತಿ ಕೊನೆಯದಾಗಿ ಒಟ್ಟಿಗೆ ಬಾಳಿದ ಊರು, ಇವುಗಳ ಜೊತೆಗೆ 2003ರ ತಿದ್ದುಪಡಿ ಆದ ಮೇಲೆ ಅರ್ಜಿದಾರಳಾದ ಹೆಂಡತಿ ಸದ್ಯ ವಾಸವಾಗಿರುವ ಊರೂ ನಡೆಯುತ್ತದೆ. ಶನಿವಾರಸಂತೆ ಹಾಸನದ ಗಡಿಗೆ ಅಂಟಿಕೊಂಡ ಹೋಬಳಿ. ಸಕಲೇಶಪುರಕ್ಕೋ ಅರಕಲಗೂಡಿಗೋ ಬೆಂಗಳೂರಿಗೋ ಕೊಟ್ಟ ಹುಡುಗಿ ತವರಿಗೆ ಮರಳಿದ್ದರೆ ಅವಳು ಅಲ್ಲಿಗೆಲ್ಲ ಅಲೆಯಬೇಕಾಗಿಲ್ಲ. ಒಪ್ಪಿಗೆಯ ಅರ್ಜಿಯಲ್ಲಿ ಇಬ್ಬರೂ ಅರ್ಜಿದಾರರೇ ಆದ್ದರಿಂದ ಅವಳ ತವರಿನ ವ್ಯಾಪ್ತಿಯಲ್ಲೇ ಹಾಕಬಹುದು. ಕುಟುಂಬ ನ್ಯಾಯಾಲಯ ಇರುವ ಕಡೆ ಅಲ್ಲಿ, ಇಲ್ಲದ ಕಡೆ ಹಿರಿಯ ಸಿವಿಲ್ ನ್ಯಾಯಾಧೀಶರ ಮುಂದೆ ಇವು ನಡೆಯುತ್ತವೆ. ನಿಮ್ಮ ಗ್ರಾಮದ ಅರ್ಜಿ ಯಾವ ಬಾಗಿಲಿಗೆ ಎಂಬುದನ್ನು ಕಾನೂನು ಸೇವಾ ಸಮಿತಿಯಲ್ಲೇ ಕೇಳಿಕೊಂಡರೆ ಒಂದು ದಿನದ ಕೂಲಿ ಉಳಿಯುತ್ತದೆ.

ಯಾವಾಗ ಹಾಕಬೇಕು? ಮದುವೆಯಾಗಿ ವರ್ಷ ತುಂಬಿರಬೇಕು, ಬೇರೆ ಬಾಳಲು ತೊಡಗಿಯೂ ವರ್ಷ ತುಂಬಿರಬೇಕು. ಬೇರೆ ಬಾಳುವುದು ಎಂದರೆ ಬೇರೆ ಮನೆಯೇ ಆಗಬೇಕಿಲ್ಲ. ಒಂದೇ ಸೂರಿನಡಿ ಇದ್ದೂ ಗಂಡ-ಹೆಂಡಿರಂತೆ ಬಾಳದೆ ಇದ್ದರೆ ಅದೂ ಲೆಕ್ಕಕ್ಕೆ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 1991ರ ಸುರೇಷ್ಟಾ ದೇವಿ ಪ್ರಕರಣದಲ್ಲಿ ಹೇಳಿದೆ. ಅರ್ಜಿ ಹಾಕಿದ ಮೇಲೆ ಆರು ತಿಂಗಳು ಕಾಯಬೇಕು, ಹದಿನೆಂಟು ತಿಂಗಳೊಳಗೆ ಇಬ್ಬರೂ ಮತ್ತೆ ಬಂದು ‘ನಮ್ಮ ನಿರ್ಧಾರ ಅದೇ’ ಎನ್ನಬೇಕು. ಈ ಆರು ತಿಂಗಳನ್ನು ಮನ್ನಾ ಮಾಡಿಸಿಕೊಳ್ಳುವ ದಾರಿ 2017ರ ಸೆಪ್ಟೆಂಬರ್‌ನ ಅಮರದೀಪ್ ಸಿಂಗ್ ತೀರ್ಪಿನಿಂದ ತೆರೆಯಿತು. ಮೊದಲ ಅರ್ಜಿಯ ಹೊತ್ತಿಗೇ ಒಂದೂವರೆ ವರ್ಷ ಬೇರೆ ಇದ್ದಿರಬೇಕು, ರಾಜಿ ಪ್ರಯತ್ನ ಮುಗಿದಿರಬೇಕು, ಜೀವನಾಂಶ ಮತ್ತು ಮಕ್ಕಳ ವಿಚಾರ ಇತ್ಯರ್ಥವಾಗಿರಬೇಕು, ಇನ್ನೂ ಕಾಯಿಸಿದರೆ ಸಂಕಟ ಹೆಚ್ಚೇ ಹೊರತು ಬೇರೇನಿಲ್ಲ ಎಂದು ನ್ಯಾಯಾಧೀಶರಿಗೆ ಅನ್ನಿಸಬೇಕು. ಮೊದಲ ಅರ್ಜಿ ಹಾಕಿ ವಾರ ಕಳೆದ ಮೇಲೆ ಇದಕ್ಕೆ ಪ್ರತ್ಯೇಕ ಅರ್ಜಿ ಕೊಡಬೇಕು. ಆ ಛಾಪಾ ಕಾಗದ ಕೆಲಸಕ್ಕೆ ಬರುವುದು ಇಲ್ಲಿಯೇ. ‘ಸುಮಾರು ಎರಡು ವರ್ಷದಿಂದ’ ಎಂದು ಬರೆಯುವ ಬದಲು ತಾರೀಖು ಬರೆದು, ಕಾಗದ ಲಗತ್ತಿಸಬಹುದು.

ದಾಖಲೆಗಳದ್ದು ದೊಡ್ಡ ತಲೆನೋವಲ್ಲ. ಮದುವೆ ನೋಂದಣಿ ಪತ್ರ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಲಗ್ನಪತ್ರಿಕೆ, ಧಾರೆಯ ಫೋಟೊ. ಇಬ್ಬರ ಆಧಾರ್, ಮಕ್ಕಳ ಜನನ ಪ್ರಮಾಣಪತ್ರ, ಒಪ್ಪಂದ ಪತ್ರ, ಇಬ್ಬರ ಪ್ರಮಾಣಪತ್ರ ಅಂದರೆ ಅಫಿಡವಿಟ್. ವಕೀಲರಿಲ್ಲದವರು ವಕಾಲತ್ತು ಹಾಕಬೇಕಿಲ್ಲ. ಹೆಸರು ಮಾತ್ರ ಎಲ್ಲ ಕಡೆ ಒಂದೇ ಥರ ಇರಲಿ. ಆಧಾರ್‌ನಲ್ಲಿ ಇನಿಷಿಯಲ್ ಮುಂದೆ, ಲಗ್ನಪತ್ರಿಕೆಯಲ್ಲಿ ಮನೆಯಲ್ಲಿ ಕರೆಯುವ ಹೆಸರು, ಮಗುವಿನ ಜನನ ಪತ್ರದಲ್ಲಿ ಗಂಡನ ಹೆಸರು ಸೇರಿಸಿದ ಮೂರನೆಯ ಹೆಸರು. ಹೀಗಿದ್ದರೆ ಕಚೇರಿಯವರು ಆಕ್ಷೇಪಣೆ ಹಾಕಿ ಹಿಂದಿರುಗಿಸುತ್ತಾರೆ. ‘ಉರುಫ್’ ಎಂದು ಸೇರಿಸಿ ಎಲ್ಲವನ್ನೂ ಮೊದಲೇ ಬರೆದುಬಿಡಿ. ಅರ್ಜಿ ದಾಖಲಾದರೆ ಎಂ.ಸಿ. (ವೈವಾಹಿಕ ಪ್ರಕರಣ) ಸಂಖ್ಯೆಯೂ 16 ಅಕ್ಷರ-ಅಂಕಿಗಳ ಸಿ.ಎನ್.ಆರ್. ಸಂಖ್ಯೆಯೂ ಸಿಗುತ್ತವೆ. ಎರಡನ್ನೂ ಬರೆದಿಟ್ಟುಕೊಳ್ಳಿ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಸಿ.ಎನ್.ಆರ್. ಸಂಖ್ಯೆ ಹಾಕಿದರೆ ಮುಂದಿನ ವಾಯಿದೆ ಯಾವತ್ತು ಎಂಬುದು ತೋಟದಲ್ಲಿ ನಿಂತೇ ತಿಳಿಯುತ್ತದೆ, ಸಿಗ್ನಲ್ ಇದ್ದರೆ.

ಅಸಲು ವಿಷಯ ಅರ್ಜಿಯಲ್ಲಿಲ್ಲ, ಅದರ ಒಳಗಿನ ಷರತ್ತುಗಳಲ್ಲಿದೆ. ಮದುವೆಯಾದ ತಾರೀಖು, ಹೊಂದಾಣಿಕೆಯಾಗದೆ ಬೇರೆಯಾದೆವು ಎನ್ನುವ ಪ್ಯಾರಾಗಳು ಎಲ್ಲ ಅರ್ಜಿಯಲ್ಲೂ ಒಂದೇ. ಆಮೇಲೆ, ಐದನೆಯದೋ ಆರನೆಯದೋ ಪ್ಯಾರಾದಲ್ಲಿ, ಇಂಥದೊಂದು ಸಾಲು ಕೂತಿರುತ್ತದೆ:

‘ಎರಡನೇ ಅರ್ಜಿದಾರರು ತಮಗಾಗಲಿ ಅಪ್ರಾಪ್ತ ಮಗುವಿಗಾಗಲಿ ಈಗಾಗಲಿ ಮುಂದಾಗಲಿ ಒಂದನೇ ಅರ್ಜಿದಾರರಿಂದ ಯಾವುದೇ ಜೀವನಾಂಶವನ್ನು ಕೇಳತಕ್ಕದ್ದಲ್ಲ. ಒಡವೆ-ವಸ್ತುಗಳ ಬಾಬ್ತು ಪರಸ್ಪರ ಇತ್ಯರ್ಥವಾಗಿರುತ್ತದೆ.’

ಎರಡೇ ವಾಕ್ಯ. ಮೊದಲನೆಯದರಲ್ಲಿ ಮಗುವನ್ನು ಸುಮ್ಮನೆ ಸೇರಿಸಿದ್ದಾರೆ. ತನಗೆ ಬೇಡ ಎನ್ನುವುದು ಹೆಂಡತಿಯ ಇಷ್ಟ. ಮಗುವಿನ ಹಕ್ಕನ್ನು ತಾಯಿ ಬಿಟ್ಟುಕೊಡಲು ಬರುವುದಿಲ್ಲ. ಹೀಗೆ ಬರೆದಿದ್ದರೂ ನಾಳೆ ಮಗುವಿನ ಪರವಾಗಿ ಜೀವನಾಂಶ ಕೇಳಬಹುದು. ಆದರೆ ಆಗ ಈ ಸಾಲನ್ನು ಮುಖಕ್ಕೆ ಹಿಡಿಯುತ್ತಾರೆ, ಅದಕ್ಕೇ ಒಂದು ವರ್ಷ ವಾದ ನಡೆಯುತ್ತದೆ. ‘ಮಗುವಿಗಾಗಲಿ’ ಎಂಬ ಪದವನ್ನು ಹೊಡೆಸಿಹಾಕಿ. ಅದರ ಬದಲು ತಿಂಗಳಿಗೆ ಎಷ್ಟು, ಯಾವ ತಾರೀಖಿನೊಳಗೆ, ಯಾವ ಖಾತೆಗೆ, ವರ್ಷಕ್ಕೆ ಎಷ್ಟು ಏರಿಕೆ, ಶಾಲೆಯ ಫೀಸು ಯಾರದು ಎಂದು ಬರೆಸಿ. ಮಗು ಯಾರ ಬಳಿ ಇರುತ್ತದೆ, ಇನ್ನೊಬ್ಬರು ಯಾವ ದಿನ ಬಂದು ನೋಡಬಹುದು, ದಸರಾ ರಜೆ, ಬೇಸಿಗೆ ರಜೆ ಎಲ್ಲಿ ಎಂಬುದನ್ನೂ ಬರೆಸಿ. ‘ಆಗಾಗ ಬಂದು ನೋಡಬಹುದು’ ಎಂದು ಬರೆದ ಕಡೆಯೆಲ್ಲ ಮುಂದೆ ಜಗಳವಾಗುತ್ತದೆ.

ಎರಡನೆಯ ವಾಕ್ಯ ಒಡವೆಯದ್ದು. ಇತ್ಯರ್ಥವಾಗಿದೆ ಎಂದು ಬರೆದು ಸಹಿ ಹಾಕಿದರೆ, ಬೀರುವಿನಲ್ಲಿ ಉಳಿದ ಬಳೆ ಅಲ್ಲೇ ಉಳಿಯಿತು ಎಂದೇ ಅರ್ಥ. ತವರಿನವರು ಕೊಟ್ಟದ್ದು, ಮದುವೆಯಲ್ಲಿ ಬಂದದ್ದು ಹೆಂಡತಿಯ ಸ್ತ್ರೀಧನ. ಇಂಥ ಒಡವೆ, ಇಷ್ಟು ಗ್ರಾಂ, ಇಂಥ ದಿನ ಕೈಗೆ ಬಂದಿದೆ ಎಂದು ಪಟ್ಟಿ ಮಾಡಿ. ಬ್ಯಾಂಕಿನಲ್ಲಿ ಅಡವಿಟ್ಟಿದ್ದರೆ ಬಿಡಿಸುವವರು ಯಾರು ಎಂಬುದೂ ಬರಲಿ. ಕಾಫಿ ಕೊಯ್ಲಿನ ಖರ್ಚಿಗೆಂದು ಹೆಂಡತಿಯ ಚಿನ್ನ ಬ್ಯಾಂಕಿಗೆ ಹೋಗುವುದು ನಮ್ಮ ಕಡೆ ಹೊಸದೇನಲ್ಲ.

ಹಣದ ವಿಚಾರ. ಒಟ್ಟು ಮೊತ್ತದಲ್ಲಿ ಒಂದಷ್ಟನ್ನು ಅರ್ಜಿ ಹಾಕುವ ದಿನ, ಉಳಿದದ್ದನ್ನು ಕೊನೆಯ ಹೇಳಿಕೆಯ ದಿನ ನ್ಯಾಯಾಲಯದಲ್ಲೇ ಕೊಡುವುದು ಎರಡೂ ಕಡೆಗೆ ಕ್ಷೇಮ. ಡಿಡಿ ಇರಲಿ ಅಥವಾ ಖಾತೆಗೆ ಜಮೆಯಾಗಲಿ, ಅದರ ಸಂಖ್ಯೆ ಅರ್ಜಿಯಲ್ಲೋ ಮೆಮೋದಲ್ಲೋ ದಾಖಲಾಗಲಿ. ನಗದು ಬೇಡ. ಹಿರಿಯರ ಕೈಯಲ್ಲಿ ಕೊಟ್ಟಿಟ್ಟ ಹಣ ಎನ್ನುವುದಂತೂ ಬೇಡವೇ ಬೇಡ. ಹಿರಿಯರ ಮೇಲೆ ಅಪನಂಬಿಕೆಯಿಂದಲ್ಲ, ಅವರಿಗೇ ಅದು ಇಕ್ಕಟ್ಟು ಎಂಬ ಕಾರಣಕ್ಕೆ.

ಜಮೀನು ಇದ್ದರೆ ನಿಧಾನಿಸಿ. ಎರಡು ಎಕರೆ ತೋಟ ಹೆಂಡತಿಗೋ ಮಗುವಿಗೋ ಎಂದು ಒಪ್ಪಂದದಲ್ಲಿ ಬರೆದ ಮಾತ್ರಕ್ಕೆ ಪಹಣಿ ಬದಲಾಗುವುದಿಲ್ಲ. ಪಿತ್ರಾರ್ಜಿತ ಜಮೀನು ಇನ್ನೂ ವಿಭಾಗ ಆಗದೆ ಅಣ್ಣ-ತಮ್ಮಂದಿರ ಜಂಟಿ ಹೆಸರಿನಲ್ಲಿದ್ದರೆ ಗಂಡನೊಬ್ಬನ ಮಾತಿನಿಂದ ಅದು ಬರುವುದೂ ಇಲ್ಲ. ಸ್ವಂತ ಹೆಸರಿನ ಜಮೀನಾದರೆ ಡಿಕ್ರಿ ಆಗುವ ಮೊದಲೇ ದಾನಪತ್ರ ನೋಂದಣಿ ಮಾಡಿಸಿಕೊಳ್ಳುವುದು ಜಾಣತನ. ಕುಟುಂಬದವರ ನಡುವಿನ ದಾನಪತ್ರಕ್ಕೆ ಕರ್ನಾಟಕದಲ್ಲಿ ಮುದ್ರಾಂಕ ಶುಲ್ಕ ತೀರ ಕಡಿಮೆ. ಡಿಕ್ರಿ ಆದ ಮರುದಿನ ಆಕೆ ಆತನ ಹೆಂಡತಿಯಲ್ಲ, ಆ ರಿಯಾಯಿತಿಯೂ ಇಲ್ಲ. ಸರ್ವೆ ನಂಬರಿನ ಒಂದು ಭಾಗ ಮಾತ್ರ ಕೊಡುವುದಾದರೆ 11ಇ ನಕ್ಷೆ ಬೇಕು. ಅದಕ್ಕೆ ಭೂಮಾಪಕರು ಬರಬೇಕು, ಬರಲು ಮಳೆ ಬಿಡಬೇಕು. ಈ ಲೆಕ್ಕ ಹಾಕಿಯೇ ಅರ್ಜಿಯ ತಾರೀಖು ಗೊತ್ತು ಮಾಡಿ. ಜಮೀನಿನ ಈ ಒಂದು ಕೆಲಸಕ್ಕೆ ಮಾತ್ರ ವಕೀಲರ ಫೀಸು ಕೊಟ್ಟರೂ ನಷ್ಟವಿಲ್ಲ.

‘ಹಾಕಿರುವ ಎಲ್ಲ ಕೇಸುಗಳನ್ನು ವಾಪಸ್ ತೆಗೆದುಕೊಳ್ಳತಕ್ಕದ್ದು’ ಎಂಬ ಷರತ್ತು ಇನ್ನೊಂದು ಗುಂಡಿ. ಜೀವನಾಂಶದ ಅರ್ಜಿಯನ್ನೋ ಕೌಟುಂಬಿಕ ದೌರ್ಜನ್ಯ ಕಾಯ್ದೆಯ ಅರ್ಜಿಯನ್ನೋ ಹಿಂಪಡೆಯಬಹುದು. ಗಂಡನ ಕಡೆಯವರ ಕ್ರೌರ್ಯದ ಬಗ್ಗೆ ಪೊಲೀಸರಲ್ಲಿ ದಾಖಲಾದ 498ಎ ಪ್ರಕರಣ, ಈಗಿನ ನ್ಯಾಯ ಸಂಹಿತೆಯ 85, ದೂರುದಾರಳು ಬೇಡವೆಂದರೂ ನಿಲ್ಲುವಂಥದ್ದಲ್ಲ. ಅದನ್ನು ರದ್ದು ಮಾಡಲು ಬೆಂಗಳೂರಿನ ಹೈಕೋರ್ಟಿಗೇ ಅರ್ಜಿ ಹೋಗಬೇಕು. ಕೊಡುವ ಹಣದ ಕೊನೆಯ ಕಂತು ಯಾವಾಗ, ಹೈಕೋರ್ಟಿನಲ್ಲಿ ಒಪ್ಪಿಗೆಯ ಪ್ರಮಾಣಪತ್ರ ಯಾವಾಗ, ಇವೆರಡನ್ನೂ ಒಂದಕ್ಕೊಂದು ಗಂಟು ಹಾಕಿ ಬರೆಯದಿದ್ದರೆ ಯಾರಾದರೊಬ್ಬರು ಸಿಕ್ಕಿಬೀಳುತ್ತಾರೆ. ಇದಕ್ಕೆ ವಕೀಲರು ಬೇಕೇ ಬೇಕು.

ನ್ಯಾಯಾಲಯದ ದಿನದ ಬಗ್ಗೆ ಜನಕ್ಕೆ ಇರುವ ಹೆದರಿಕೆ ಅದಕ್ಕಿಂತ ದೊಡ್ಡದು. ಜವಾನ ಎಂ.ಸಿ. ಸಂಖ್ಯೆ, ಹೆಸರು ಕೂಗುತ್ತಾನೆ. ಇಬ್ಬರೂ ಒಳಗೆ ಹೋಗಿ ನಿಲ್ಲುತ್ತೀರಿ. ಮೊದಲ ಸಲ ನ್ಯಾಯಾಧೀಶರು ಒಂದಾಗಿ ಬಾಳಲು ಸಾಧ್ಯವೇ ಎಂದು ಕೇಳಿಯೇ ಕೇಳುತ್ತಾರೆ. ಕಾಯ್ದೆ ಅವರಿಗೆ ಹೊರಿಸಿದ ಕರ್ತವ್ಯ ಅದು. ಮಧ್ಯಸ್ಥಿಕೆಗೆ ಕಳಿಸಬಹುದು. ಅದನ್ನು ಸತಾಯಿಸುವುದು ಎಂದುಕೊಳ್ಳಬೇಡಿ, ಅರೆಬರೆ ಇದ್ದ ಷರತ್ತುಗಳು ಸರಿಯಾಗುವುದು ಅಲ್ಲಿಯೇ. ಕೊನೆಯ ದಿನ ಪ್ರಮಾಣ ಮಾಡಿಸಿ ಕೇಳುವ ಪ್ರಶ್ನೆಗಳು ಸರಳ: ಸ್ವ ಇಚ್ಛೆಯಿಂದ ಕೇಳುತ್ತಿದ್ದೀರಾ, ಯಾರದಾದರೂ ಒತ್ತಾಯ ಇದೆಯಾ, ಷರತ್ತುಗಳನ್ನು ಓದಿದ್ದೀರಾ, ಹಣ ಬಂದಿದೆಯಾ. ಹಣ ಬಂದಿಲ್ಲದಿದ್ದರೆ ಬಂದಿಲ್ಲ ಎನ್ನಿ. ‘ಹೊರಗೆ ಹೋದ ಮೇಲೆ ಕೊಡುತ್ತೇವೆ, ಈಗ ಹೂಂ ಅನ್ನು’ ಎಂದು ಯಾರು ಹೇಳಿಕೊಟ್ಟಿದ್ದರೂ ಸರಿಯೇ. ಡಿಕ್ರಿ ಆಗುವ ಕ್ಷಣದವರೆಗೆ ಒಪ್ಪಿಗೆಯನ್ನು ಹಿಂಪಡೆಯುವ ಹಕ್ಕು ಇಬ್ಬರಿಗೂ ಇದೆ. ಅದನ್ನೂ ಹೇಳಿದ್ದು ಸುರೇಷ್ಟಾ ದೇವಿ ತೀರ್ಪೇ.

ಗಂಡ ದುಬೈಯಲ್ಲೋ ಹೆಂಡತಿ ಬೇರೆ ರಾಜ್ಯದಲ್ಲೋ ದುಡಿಯುತ್ತಿದ್ದು ಬರಲು ನಿಜಕ್ಕೂ ಆಗದಿದ್ದರೆ, ವಿಡಿಯೊ ಕಾನ್ಫರೆನ್ಸ್ ಮೂಲಕವೋ ತಂದೆ-ತಾಯಿ, ಒಡಹುಟ್ಟಿದವರ ಮೂಲಕವೋ ಹಾಜರಾಗಲು ನ್ಯಾಯಾಲಯ ಅನುಮತಿ ಕೊಡಬಹುದು ಎಂದು ಅಮರದೀಪ್ ಸಿಂಗ್ ತೀರ್ಪಿನಲ್ಲಿ ಹೇಳಿದೆ. ಕೇಳಿ ನೋಡಬೇಕು, ಕೊಡುವುದು ನ್ಯಾಯಾಧೀಶರ ವಿವೇಚನೆ. ಲೋಕ ಅದಾಲತ್‌ನಲ್ಲಿ ವಿಚ್ಛೇದನವೂ ಸಿಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅಲ್ಲಿ ಜೀವನಾಂಶದ್ದೋ ಮಗುವಿನದೋ ರಾಜಿ ಆಗಬಹುದು, ಮದುವೆ ಮುರಿಯುವುದಿಲ್ಲ.

ಇಲ್ಲಿಯವರೆಗೆ ಹೇಳಿದ್ದು ಹಿಂದೂ ವಿವಾಹ ಕಾಯ್ದೆಯವರ ಮಾತು. ರಿಜಿಸ್ಟರ್ ಮದುವೆ, ಅಂದರೆ 1954ರ ವಿಶೇಷ ವಿವಾಹ ಕಾಯ್ದೆಯಡಿ ಆದವರಿಗೆ 28ನೇ ಕಲಮು, ನಿಯಮ ಹೆಚ್ಚುಕಡಿಮೆ ಇದೇ. ಕ್ರೈಸ್ತರಿಗೆ 1869ರ ವಿಚ್ಛೇದನ ಕಾಯ್ದೆಗೆ 2001ರಲ್ಲಿ ಸೇರಿಸಿದ 10ಎ ಕಲಮು. ಅದರಲ್ಲಿ ಬರೆದಿರುವುದು ಎರಡು ವರ್ಷ ಬೇರೆ ಇರಬೇಕೆಂದು, ಆದರೆ ಕರ್ನಾಟಕ ಹೈಕೋರ್ಟ್ ಅದನ್ನು ಒಂದು ವರ್ಷ ಎಂದೇ ಓದಬೇಕು ಎಂದಿದೆ. ಮುಸ್ಲಿಮರಲ್ಲಿ ಇಬ್ಬರೂ ಒಪ್ಪಿ ಬೇರೆಯಾಗುವ ಮುಬಾರತ್, ಹೆಂಡತಿ ಕೇಳಿ ಪಡೆಯುವ ಖುಲಾ ಇವೆ, ನ್ಯಾಯಾಲಯಕ್ಕೆ ಹೋಗುವ ಹೆಂಡತಿಗೆ 1939ರ ಕಾಯ್ದೆ ಇದೆ. ಒಂದೇ ಉಸಿರಿನ ಮೂರು ತಲಾಖ್ 2019ರ ಕಾಯ್ದೆಯಂತೆ ಅಸಿಂಧು, ಅಪರಾಧ ಕೂಡ. ಮುಬಾರತ್ ಆದವರು ಜಮಾಅತ್‌ನ ಪತ್ರವೊಂದನ್ನೇ ನೆಚ್ಚಿಕೊಳ್ಳದೆ ನ್ಯಾಯಾಲಯದ ಘೋಷಣೆಯನ್ನೂ ಪಡೆದುಕೊಂಡರೆ ಪಾಸ್‌ಪೋರ್ಟ್, ಬ್ಯಾಂಕಿನ ಕೆಲಸಕ್ಕೆ ತೊಡಕಾಗುವುದಿಲ್ಲ.

ಡಿಕ್ರಿ ಆದ ಮೇಲೆ ಅದರ ಪ್ರತಿ ಕೇಳಿ ಪಡೆಯಿರಿ. ಹಿಂದೂ ವಿವಾಹ ಕಾಯ್ದೆಯ 23(4)ನೇ ಉಪಕಲಮಿನಂತೆ ಇಬ್ಬರಿಗೂ ಒಂದೊಂದು ಪ್ರತಿಯನ್ನು ನ್ಯಾಯಾಲಯ ಉಚಿತವಾಗಿ ಕೊಡಬೇಕು. ಇದು ಬಹಳ ಜನಕ್ಕೆ ಗೊತ್ತಿಲ್ಲ. ಹೆಚ್ಚಿಗೆ ಬೇಕಾದರೆ ನಕಲು ಅರ್ಜಿ ಹಾಕಿ ದೃಢೀಕೃತ ಪ್ರತಿಗಳನ್ನು ಒಟ್ಟಿಗೇ ತೆಗೆದಿಡಿ. ಮನೆಗೆ ಬರುವ ಮೊದಲೇ ಹೆಸರಿನ ಅಕ್ಷರ, ಮದುವೆಯ ತಾರೀಖು, ಮಗುವಿನ ಹೆಸರು ಸರಿಯಿದೆಯೇ ಎಂದು ನೋಡಿ. ಬೆರಳಚ್ಚಿನ ತಪ್ಪನ್ನು ಆಗಲೇ ತಿದ್ದಿಸುವುದು ಸುಲಭ. ಮೇಲ್ಮನವಿಯ ಅವಧಿ 90 ದಿನ. ಒಪ್ಪಿಗೆಯ ಡಿಕ್ರಿಗೆ ಮೇಲ್ಮನವಿ ಬರುವುದು ಅಪರೂಪವಾದರೂ ಮರುಮದುವೆಯ ತಾರೀಖನ್ನು ಅದರಾಚೆಗೆ ಇಟ್ಟುಕೊಳ್ಳುವುದು ಕ್ಷೇಮ.

ಪಡಿತರ ಚೀಟಿಯಲ್ಲಿ ಹೆಸರು ಬೇರೆ ಮಾಡಿಸಲು, ಹೊಸ ಚೀಟಿ ಪಡೆಯಲು ಇದೇ ಡಿಕ್ರಿ ಬೇಕು. ಗೃಹಲಕ್ಷ್ಮಿ ಹಣ ಚೀಟಿಯಲ್ಲಿ ಯಜಮಾನಿ ಎಂದು ಇರುವವರಿಗೆ ಬರುವುದರಿಂದ, ತವರಿನ ಚೀಟಿಗೆ ಹೆಸರು ಸೇರಿಸುವುದೋ ಮಗುವಿನೊಂದಿಗೆ ಬೇರೆ ಚೀಟಿ ಮಾಡಿಸುವುದೋ ಎಂಬುದನ್ನು ಯೋಚಿಸಿ ಅರ್ಜಿ ಹಾಕಿ. ಎಲ್ಐಸಿ ಪಾಲಿಸಿ, ಬ್ಯಾಂಕ್ ಖಾತೆ, ಭವಿಷ್ಯ ನಿಧಿಯ ನಾಮಿನಿ ತಾನಾಗಿ ಬದಲಾಗುವುದಿಲ್ಲ. ಒಂದೊಂದಕ್ಕೂ ಅರ್ಜಿ ಕೊಟ್ಟು ಬದಲಿಸಬೇಕು. ಜಂಟಿ ಖಾತೆ ಮುಚ್ಚಿಸಿ. ಗಂಡನ ಸಾಲಕ್ಕೆ, ಸ್ವಸಹಾಯ ಸಂಘದ್ದೇ ಆಗಲಿ ಸಹಕಾರ ಸಂಘದ್ದೇ ಆಗಲಿ, ನೀವು ಜಾಮೀನು ಹಾಕಿದ್ದರೆ ವಿಚ್ಛೇದನವಾದರೂ ಆ ಜಾಮೀನು ನಿಮ್ಮ ಮೇಲೆಯೇ ಇರುತ್ತದೆ. ಅದನ್ನು ಬಿಡಿಸಿಕೊಳ್ಳಲು ಸಾಲ ಕೊಟ್ಟವರು ಒಪ್ಪಬೇಕು, ಅದಕ್ಕೆ ಅವರು ಬದಲಿ ಜಾಮೀನುದಾರರನ್ನು ಕೇಳುತ್ತಾರೆ. ಆ ಬದಲಿ ಜನವನ್ನು ಹುಡುಕಿಕೊಡುವುದು ಯಾರ ಹೊಣೆ ಎಂಬುದೂ ಒಪ್ಪಂದದ ಷರತ್ತುಗಳಲ್ಲಿ ಒಂದು ಸಾಲಾಗಿ ಬರಬೇಕು.